ಅಕ್ಷರವೂ ಅಮಾನತ್

ಅಬಲೂರಿನಲ್ಲಾಗಲಿ, ಹಾನಗಲ್ಲಿನಲ್ಲಾಗಲಿ, ಮದುವೆಯ ಪತ್ರಿಕೆಗೆ ಅರಬಿಯಲ್ಲಿ ಕುರ್‌ಆನ್ ವಚನ ಹಾಕಿಸುವವರು ಒಂದು ವಿಷಯ ತಿಳಿದಿರಬೇಕು. ಕನ್ನಡ ಎಡದಿಂದ ಬಲಕ್ಕೆ ಸಾಗಿದರೆ ಅರಬಿ ಬಲದಿಂದ ಎಡಕ್ಕೆ ಸಾಗುತ್ತದೆ. ಕಂಪ್ಯೂಟರು ಅಕ್ಷರಗಳನ್ನು ಓದುವ ಕ್ರಮದಲ್ಲೇ ಕೂಡಿಟ್ಟು, ತೋರಿಸುವಾಗ ಮಾತ್ರ ಬಲದಿಂದ ಜೋಡಿಸುತ್ತದೆ. ಈ ಏರ್ಪಾಡಿಲ್ಲದ ತಂತ್ರಾಂಶದಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ, ಹಿಂದುಮುಂದಾಗಿ ಮೂಡುತ್ತವೆ. ಅರಬಿ ಬಾರದ ಮುದ್ರಕನಿಗೆ ಅದು ತಿಳಿಯದು, ಹೊಣೆ ಹಾಕಿಸಿದವರದೇ.

ಹಝ್ರತ್ ಅಬೂಬಕರ್(ರ)ರ ಆಡಳಿತದಲ್ಲಿ ಕುರ್‌ಆನನ್ನು ಸಂಗ್ರಹಿಸಿದ ಝೈದ್ ಬಿನ್ ಸಾಬಿತ್(ರ)ರಿಗೆ ಅದು ಕಂಠಪಾಠವಾಗಿತ್ತು. ಆದರೂ ಅವರು ಬರಹದ ಆಧಾರವನ್ನು ಹುಡುಕಿದರು. ಆದುದರಿಂದ ನಾವೂ 2007ರಲ್ಲಿ ಆರಂಭವಾದ ‘ತಂಝೀಲ್’ ಯೋಜನೆಯಂತಹ ಪರಿಶೀಲಿತ ಪಾಠದಿಂದಲೇ ವಚನ ಪಡೆಯೋಣ. ಕನ್ನಡದೊಡನೆ ಬೆರೆಸದೆ ಪ್ರತ್ಯೇಕ ಸಾಲಿನಲ್ಲಿರಿಸೋಣ. ಮುದ್ರಣಕ್ಕೆ ಮುನ್ನ ಕರಡನ್ನು ಮಸೀದಿಯ ಇಮಾಮರಿಗೆ ತೋರಿಸೋಣ. ಅಲ್ಲಾಹನ ವಚನದ ಒಂದೊಂದು ಅಕ್ಷರವೂ ನಮ್ಮ ಕೈಯಲ್ಲಿರುವ ಅಮಾನತ್.