ನೀರು ನಿಂತರೆ ಊರು ಎಷ್ಟು ಗಂಟೆ ತಡೆದೀತು?

2022ರ ಸೆಪ್ಟೆಂಬರ್ ಮೊದಲ ವಾರ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ಮಳೆನೀರು ನುಗ್ಗಿತು. ಸುಮಾರು 100 ಕಿ.ಮೀ. ದೂರದ ಬೆಂಗಳೂರಿನಲ್ಲಿ ರಸ್ತೆಗಳೇ ಹೊಳೆಯಾಗಿದ್ದವು, ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಕಾವೇರಿ ಈ ಊರಿಗೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲು ಹತ್ತಿ ಬರುತ್ತಾಳೆ. ಒಂದು ಮೆಟ್ಟಿಲು ಕೆಟ್ಟರೂ ಏರುವುದು ನಿಂತಂತೆಯೇ. ಇಂಥ ಜಾಗ ನಿಮ್ಮ ಊರಿನ ನೀರಿನ ದಾರಿಯಲ್ಲೂ ಇರುತ್ತದೆ. ಅದನ್ನು ಮಳೆಗಾಲಕ್ಕೆ ಮೊದಲೇ ಹುಡುಕಿಡಬೇಕು.

ಮೊದಲ ಕೆಲಸ ನಡಿಗೆ. ನದಿ ಅಥವಾ ಕೆರೆಯಿಂದ ನೀರೆತ್ತುವ ಜಾಕ್‌ವೆಲ್‌ನಿಂದ ಕಟ್ಟಕಡೆಯ ನಲ್ಲಿಯವರೆಗೆ ಎಂಜಿನಿಯರ್, ಎಲೆಕ್ಟ್ರಿಷಿಯನ್, ವಾಲ್ವ್‌ಮನ್ ಜೊತೆಯಾಗಿ ಹೋಗಬೇಕು. ವಾಲ್ವ್‌ಮನ್ ಇಲ್ಲದೆ ಹೊರಡಬೇಡಿ. ಯಾವ ವಾಲ್ವ್ ಡಾಂಬರಿನಡಿ ಹೂತಿದೆ ಎಂಬುದು ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು. ಪ್ರತಿ ಜಾಗದಲ್ಲೂ ಕೇಳಿ: ಇಲ್ಲಿ ಹಿಂದೆ ನೀರು ಎಲ್ಲಿಯವರೆಗೆ ಏರಿತ್ತು? ವಿದ್ಯುತ್ ಪ್ಯಾನೆಲ್ ಅದಕ್ಕಿಂತ ಮೇಲಿದೆಯೇ? ಕರೆಂಟಿಗೆ ಎರಡನೇ ಲೈನ್ ಉಂಟೇ? ಕ್ಲೋರಿನ್ ಸೋರಿದರೆ ಗಾಳಿ ಯಾವ ಮನೆಗಳತ್ತ ಬೀಸುತ್ತದೆ?

ಆಮೇಲೆ ಗಂಟೆಗಳ ಲೆಕ್ಕ. ಟ್ಯಾಂಕಿನಲ್ಲಿ 20 ಲಕ್ಷ ಲೀಟರ್ ಇದ್ದು, ಗಂಟೆಗೆ 2 ಲಕ್ಷ ಖರ್ಚಾದರೆ 10 ಗಂಟೆ ತಡೆಯುತ್ತದೆ. ಮೋಟರ್ ಬಿಚ್ಚಿ ಒಣಗಿಸಿ ಕೂರಿಸಲು 30 ಗಂಟೆ ಬೇಕಾದರೆ 40 ಲಕ್ಷ ಲೀಟರ್ ಕೊರತೆ. 12,000 ಲೀಟರಿನ ಟ್ಯಾಂಕರ್ 330ಕ್ಕೂ ಹೆಚ್ಚು ಸಲ ಬರಬೇಕು! ಅದು ಆಗದ ಮಾತು. ಹಾಗಾಗಿ ಯಾರಿಗೆ ಮೊದಲು ಎಂಬ ಪಟ್ಟಿ ಇವತ್ತೇ ಬರೆದಿಡಿ. ಒಬ್ಬರ ಒಂದು ಡಯಾಲಿಸಿಸ್‌ಗೇ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಆಸ್ಪತ್ರೆ, ಹೆರಿಗೆ ವಾರ್ಡು ಮುಂದಿರಲಿ. ಟ್ಯಾಂಕರ್ ನುಗ್ಗಲಾರದ ಓಣಿಗಳ ಹೆಸರೂ ಪಟ್ಟಿಯಲ್ಲಿರಲಿ, ಕೊನೆಗೆ ಉಳಿದುಹೋಗುವವರು ಅಲ್ಲಿಯವರೇ.

ನನಗೆ ಹೆಚ್ಚು ಭಯವಿರುವುದು ನೀರು ಮರಳಿ ಬರುವ ಗಳಿಗೆಯ ಬಗ್ಗೆ. ಖಾಲಿ ಕೊಳವೆಯಲ್ಲಿ ಒತ್ತಡ ಇರುವುದಿಲ್ಲ. ಪಕ್ಕದ ಚರಂಡಿಯ ಕೊಳೆ ಬಿರುಕುಗಳಿಂದ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ನೀರನ್ನು ಹೊರಗೆ ಹರಿಯಬಿಟ್ಟು, ಲೈನಿನ ಕಟ್ಟಕಡೆಯ ಮನೆಯಲ್ಲಿ ಕ್ಲೋರಿನ್ ಪರೀಕ್ಷಿಸಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅಷ್ಟು ಸಿಗುವವರೆಗೆ, ನೀರು ಕೊತಕೊತ ಕುದಿಸಿ ಕುಡಿಯಿರಿ ಎಂದು ಆಟೋದಲ್ಲಿ ಮೈಕ್ ಕಟ್ಟಿ ಬೀದಿಬೀದಿಗೂ ಸಾರಿಸಿ. ವಾಟ್ಸ್ಆ್ಯಪ್ ಸಂದೇಶವೊಂದೇ ಸಾಲದು, ಮನೆಯಲ್ಲಿರುವ ಅಜ್ಜಿಗೆ ಅದು ತಲುಪುವುದಿಲ್ಲ.

ಯೋಜನೆ ಬರೆದಾದ ಮೇಲೆ ಮೇ ತಿಂಗಳಲ್ಲೊಮ್ಮೆ ಪರೀಕ್ಷಿಸಿ. ತುರ್ತಿಗೆ ಕರೆಯಬೇಕಾದವರ ಪಟ್ಟಿಯ ಪ್ರತಿ ನಂಬರಿಗೂ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ. ಎತ್ತದವರ ಪಕ್ಕದಲ್ಲಿ ಇನ್ನೊಂದು ಹೆಸರು ಬರೆಯಿರಿ. ಜನರೇಟರನ್ನು ಮೋಟರಿಗೆ ಜೋಡಿಸಿ ಒಂದು ಗಂಟೆ ಓಡಿಸಿ. ಡೀಸೆಲ್ ಎಷ್ಟು ಕುಡಿಯಿತು ಎಂದು ಪಂಪ್‌ಹೌಸಿನ ಗೋಡೆಯ ಮೇಲೇ ಬರೆದುಬಿಡಿ.