ಕುಬಸದ ದಿನವೇ ಆಗಬೇಕಾದ ಮಾತುಕತೆ

ಬಸುರಿಯಾದ ಮಗಳಿಗೆ ಕುಬಸ ಮಾಡುವ ಹೊತ್ತಿಗೆ ಮನೆಯಲ್ಲಿ ಎಲ್ಲದರ ಚರ್ಚೆಯೂ ನಡೆಯುತ್ತದೆ. ಸೀರೆ ಯಾವುದು, ಊಟಕ್ಕೆ ಏನು, ತವರಿಗೆ ಎಂದು ಕರೆದೊಯ್ಯುವುದು ಎಂಬ ಮಾತುಗಳ ನಡುವೆ ಒಂದು ವಿಷಯ ಮಾತ್ರ ಹಿಂದೆ ಉಳಿಯುತ್ತದೆ. ಹೆರಿಗೆಯ ವೇಳೆಯಲ್ಲಿ, ಅನಂತರದ ಮೊದಲ ವಾರಗಳಲ್ಲಿ ತಾಯಿಯನ್ನೂ ಕೂಸನ್ನೂ ಹೇಗೆ ನೋಡಿಕೊಳ್ಳಬೇಕು ಎಂಬುದೇ ಆ ವಿಷಯ. ವೈದ್ಯರು ನೋಡಿಕೊಳ್ಳುತ್ತಾರೆ, ಇಲ್ಲವೆ ಮನೆಯ ಹಿರಿಯರು ನೋಡಿಕೊಳ್ಳುತ್ತಾರೆ ಎಂದು ತಂದೆತಾಯಿಯರಾಗಲಿರುವ ಇಬ್ಬರೂ ಸುಮ್ಮನಾಗಿರುತ್ತಾರೆ. ಬೇನೆ ಆರಂಭವಾದ ಮೇಲೆ ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆದ್ದರಿಂದ ಮುಂಚಿತವಾಗಿಯೇ ತಿಳಿದು ನಿರ್ಧರಿಸಬೇಕಾದ ಕೆಲವು ಆಯ್ಕೆಗಳನ್ನು ಈ ಸಂಚಿಕೆಯಲ್ಲಿ ಸದ್ಭಕ್ತರ ಮುಂದಿಡುತ್ತಿದ್ದೇವೆ.

ಪರ್ಯಾಯವೆಂದೊಡನೆ ಆಸ್ಪತ್ರೆಯನ್ನು ಬಿಟ್ಟು ಮನೆಯಲ್ಲಿಯೇ ಹೆರಿಗೆ ಮಾಡಿಸುವುದು ಎಂದು ಕೆಲವರು ಭಾವಿಸುತ್ತಾರೆ. ನಾವು ಅದನ್ನು ಹೇಳುತ್ತಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವು ಆರೋಗ್ಯವಂತಳಾದ ಹೆಣ್ಣುಮಗಳಲ್ಲಿಯೂ ಮುನ್ಸೂಚನೆಯಿಲ್ಲದೆ ಉಂಟಾಗಬಹುದು. ಆಗ ರಕ್ತ, ಔಷಧಿ, ಶಸ್ತ್ರಚಿಕಿತ್ಸೆಗಳು ಕೈಗೆಟುಕುವಂತಿರಬೇಕು. ಆಯ್ಕೆಗಳಿರುವುದು ಆಸ್ಪತ್ರೆಯ ಒಳಗೆ. ಬೇನೆಯ ಸಮಯದಲ್ಲಿ ತಾಯಿಯು ಅಂಗಾತವಾಗಿಯೇ ಮಲಗಿರಬೇಕೆಂಬ ನಿಯಮವೇನೂ ಇಲ್ಲ, ನಡೆದಾಡಬಹುದು, ಕುಳಿತಿರಬಹುದು. ಅವಳು ನೆಚ್ಚಿದ ಒಬ್ಬರು ಜೊತೆಯಲ್ಲಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹುಟ್ಟಿದ ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸದೆ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಬಹುದು. ಆ ಅವಧಿಯಲ್ಲಿ ಮಗುವಿಗೆ ಸೇರುವ ರಕ್ತದಿಂದ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ದೊರೆಯುತ್ತದೆ. ಇವುಗಳಲ್ಲಿ ಯಾವುದಕ್ಕೆ ಅವಕಾಶವಿದೆಯೆಂದು ಏಳನೆಯ ತಿಂಗಳಿನ ತಪಾಸಣೆಯಲ್ಲಿಯೇ ವೈದ್ಯರನ್ನು ಕೇಳಿರಿ. ಕೇಳುವುದು ಅವಿನಯವಲ್ಲ.

ಇನ್ನು ಮೊದಲ ಹಾಲಿನ ಮಾತು. ಹಸು ಕರು ಹಾಕಿದಾಗ ನಾವು ಗಿಣ್ಣು ಮಾಡಿ, ಬಂಧುಬಳಗಕ್ಕೆ ಹಂಚಿ ಸವಿಯುತ್ತೇವೆ. ಹಡೆದ ತಾಯಿಯ ಹಳದಿ ಬಣ್ಣದ ಮೊದಲ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ! ರೋಗನಿರೋಧಕ ಶಕ್ತಿಯು ತುಂಬಿರುವುದು ಆ ಹಾಲಿನಲ್ಲಿಯೇ. ಅದು ಸ್ವಲ್ಪವೇ ಬರುತ್ತದೆ ಎಂಬುದು ದೋಷವಲ್ಲ. ಮೊದಲ ದಿನ ಕೂಸಿನ ಹೊಟ್ಟೆಗೆ ಒಂದೊಂದು ಸಲಕ್ಕೆ ಒಂದೆರಡು ಚಮಚೆ ಸಾಕು. ಹುಟ್ಟಿದ ಒಂದು ತಾಸಿನೊಳಗೆ ಮಗುವನ್ನು ಎದೆಗೆ ಹಚ್ಚಬೇಕು. ಸಿಸೇರಿಯನ್ ಆಗಿದ್ದರೂ ಸಹಾಯವಿದ್ದರೆ ಬೇಗನೆ ಕುಡಿಸಬಹುದು. ಆರು ತಿಂಗಳವರೆಗೆ ನೀರೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವು ಹಸುಳೆಯ ನರಗಳನ್ನು ನಿಷ್ಕ್ರಿಯಗೊಳಿಸಬಲ್ಲದು. ಬಜೆಯನ್ನು ತೇದು ಕುಡಿಸುವ ಪದ್ಧತಿಯನ್ನೂ ಬಿಡುವುದು ಲೇಸು. ಡಬ್ಬಿಯ ಹಾಲಿನ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ವೈದ್ಯರು ಕಾರಣಸಹಿತವಾಗಿ ಬರೆದುಕೊಟ್ಟಾಗ ಹೊರತು ಅದರ ಗೊಡವೆ ಬೇಡ.

ಬಾಣಂತಿಯ ಕೋಣೆಯ ಬಗೆಗೆ ನಮಗೆ ಹೆಚ್ಚಿನ ಕಳವಳವಿದೆ. ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ಜನನಸೂತಕವೂ ಅವುಗಳಲ್ಲೊಂದು. ಹಾಗಿದ್ದೂ ಹಡೆದವಳನ್ನು ಮುಚ್ಚಿದ ಕೋಣೆಯಲ್ಲಿರಿಸಿ, ಹೊರಸಿನ ಕೆಳಗೆ ಕೆಂಡವಿಟ್ಟು ಶಾಖ ಕೊಡುವುದನ್ನು ಭಕ್ತರ ಮನೆಗಳಲ್ಲಿಯೂ ಕಾಣುತ್ತೇವೆ. ಗಾಳಿಯಾಡದ ಕೋಣೆಯಲ್ಲಿ ಇದ್ದಲಿನ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ರೆಯಲ್ಲಿರುವವರ ಪ್ರಾಣವನ್ನು ಅದು ಸದ್ದಿಲ್ಲದೆ ತೆಗೆಯಬಲ್ಲದು. ನೀರು, ಸೊಪ್ಪು, ಹಣ್ಣುಗಳನ್ನು ಕಟ್ಟುಮಾಡುವ ಪಥ್ಯವೂ ಸಲ್ಲದು. ಹಾಲೂಡಿಸುವವಳಿಗೆ ಹಸಿವೂ ಬಾಯಾರಿಕೆಯೂ ಹೆಚ್ಚು. ಬಸುರಿನಲ್ಲಿ 180 ದಿನ ತೆಗೆದುಕೊಂಡ ಕಬ್ಬಿಣಾಂಶದ ಗುಳಿಗೆಯನ್ನು ಹೆರಿಗೆಯ ನಂತರವೂ 180 ದಿನ ಮುಂದುವರಿಸಬೇಕು. ಹಾಗೆಂದು ಹಿರಿಯರದೆಲ್ಲವೂ ತಪ್ಪೆಂದಲ್ಲ. ಅಂಟಿನುಂಡೆ ಇರಲಿ, ಹಗುರವಾದ ಎಣ್ಣೆ ನೀವುವಿಕೆ ಇರಲಿ. ತಾಯಿಗೆ ಮನೆಗೆಲಸದಿಂದ ಬಿಡುವು ಕೊಡುವ ಬಾಣಂತನದ ಮೂಲ ಉದ್ದೇಶವಂತೂ ಅವಶ್ಯವಾಗಿ ಉಳಿಯಬೇಕು. ಕೂಸಿನ ಮೂಗು ಕಿವಿಗಳಿಗೆ ಮಾತ್ರ ಎಣ್ಣೆ ಹಾಕಬೇಡಿರಿ.

ಕೆಂಡವಿಲ್ಲದೆ ಕೂಸನ್ನು ಬೆಚ್ಚಗಿಡುವುದು ಹೇಗೆ ಎಂದು ಹಿರಿಯ ತಾಯಂದಿರು ಕೇಳುತ್ತಾರೆ. ಅದಕ್ಕೆ ಉತ್ತರ ತಾಯಿಯ ಎದೆಯಲ್ಲಿದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಸಾಕಷ್ಟು ಇನ್‌ಕ್ಯುಬೇಟರ್‌ಗಳಿರಲಿಲ್ಲ. ಡಾ. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಆ ಶಿಶುಗಳನ್ನು ತಾಯಂದಿರ ಬರಿಯ ಎದೆಗೆ ಕಟ್ಟಿಸಿದರು. ಕೊರತೆಯಿಂದ ಹುಟ್ಟಿದ ಈ ಉಪಾಯಕ್ಕೆ ಇಂದು ಕಾಂಗರೂ ತಾಯಿ ಆರೈಕೆ ಎಂಬ ಹೆಸರಿದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳನ್ನು ಹುಟ್ಟಿದ ಕೂಡಲೇ ಎದೆಗವಚಿ ಇರಿಸಿಕೊಂಡಾಗ ಮೊದಲ 28 ದಿನಗಳ ಸಾವುಗಳು ಕಾಲುಭಾಗದಷ್ಟು ಕಡಿಮೆಯಾದವು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಸಲಹೆಯನ್ನು ಇದಕ್ಕನುಗುಣವಾಗಿ ಪರಿಷ್ಕರಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಆರೋಗ್ಯ ಇಲಾಖೆ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಕೂಡಿ ಇದನ್ನು ಹಳ್ಳಿಯ ಮನೆಗಳವರೆಗೆ ತಲುಪಿಸುವ ಕೆಲಸ ಮಾಡಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತೂಕ ದಾಖಲಾದ ಶಿಶುಗಳಲ್ಲಿ ಶೇಕಡಾ 18ರಷ್ಟು ಎರಡೂವರೆ ಕಿಲೋಗಿಂತ ಕಡಿಮೆಯಿದ್ದವು. ಹೀಗಿರುವಾಗ ಇದು ಎಲ್ಲ ಮನೆಗಳೂ ತಿಳಿದಿರಬೇಕಾದ ವಿದ್ಯೆ.

ಕ್ರಮ ಸರಳವಾಗಿದೆ. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಇಷ್ಟೇ ಇರಲಿ. ತಾಯಿಯು ಒರಗಿ ಕುಳಿತು, ಕೂಸನ್ನು ಎರಡು ಸ್ತನಗಳ ನಡುವೆ ನೆಟ್ಟಗೆ ಮೈಗೆ ಮೈ ತಾಗುವಂತೆ ಇರಿಸಿಕೊಳ್ಳಬೇಕು. ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸಿ, ಕತ್ತು ಮುಂದಕ್ಕೆ ಬಾಗದಂತೆ ನೋಡಿಕೊಂಡು, ಮೆತ್ತಗಿನ ಹತ್ತಿಯ ಬಟ್ಟೆಯಿಂದ ಸುತ್ತಿ ಕಟ್ಟಬೇಕು. ಮೂಗು ಬಾಯಿ ಸದಾ ತೆರೆದಿರಬೇಕು. ದಿನಕ್ಕೆ ಎಂಟು ತಾಸಿಗೆ ಕಡಿಮೆಯಿಲ್ಲದಂತೆ, ಸಾಧ್ಯವಿದ್ದಷ್ಟು ಹೆಚ್ಚು ಕಾಲ ಹೀಗಿರಿಸಬೇಕು. ಮೊದಲ ಸಲ ಆಸ್ಪತ್ರೆಯ ದಾದಿಯರಿಂದ ಕಲಿತುಕೊಳ್ಳುವುದು ಒಳ್ಳೆಯದು. ತಾಯಿಯು ದಣಿದಾಗ ತಂದೆಯೋ ಅಜ್ಜಿಯೋ ಎದೆಗೆ ಕಟ್ಟಿಕೊಳ್ಳಬಹುದು. ಗಂಡಸರು ನಾಚಿ ಹಿಂದೆ ಸರಿಯುವುದನ್ನು ನೋಡಿದ್ದೇವೆ. ಅರ್ಧ ತಾಸು ಕೂಸನ್ನು ಎದೆಯ ಮೇಲಿಟ್ಟುಕೊಂಡ ತಂದೆಯಲ್ಲಿ ಆ ನಾಚಿಕೆ ಉಳಿದಿರುವುದಿಲ್ಲ.

ಒಂದು ಎಚ್ಚರಿಕೆ. ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಸೆಳವು ಬಂದರೆ, ಅಂಗೈ ಅಂಗಾಲುಗಳೂ ಹಳದಿಯಾದರೆ ಯಾವ ಮನೆಮದ್ದನ್ನೂ ನೆಚ್ಚದೆ 108ಕ್ಕೆ ಕರೆ ಮಾಡಿರಿ. ಆಸ್ಪತ್ರೆಗೆ ಒಯ್ಯುವಾಗಲೂ ಕೂಸು ಎದೆಗವಚಿಕೊಂಡೇ ಇರಲಿ.

ಈ ಆರೈಕೆಯನ್ನು ಎಲ್ಲಿಯವರೆಗೆ ಮಾಡಬೇಕೆಂದು ಕೂಸೇ ತಿಳಿಸುತ್ತದೆ. ತೂಕವು ಎರಡೂವರೆ ಕಿಲೋ ಸಮೀಪಿಸಿದಂತೆ ಅದು ಬಟ್ಟೆಯೊಳಗೆ ಇರಲೊಲ್ಲದೆ ಕೈಕಾಲು ಬಡಿಯತೊಡಗುತ್ತದೆ. ಆಗ ಬಿಚ್ಚಿ ತೊಟ್ಟಿಲಿಗೆ ಹಾಕಬಹುದು.