ಕತಾರ್‌ಗಾಮಿನ ಮಗ್ಗ, ಮಾಂಗ್ರೋಲಿನ ಲಿಗ್ನೈಟ್

ಸೂರತ್ ನಗರದ ಉತ್ತರ ಭಾಗದಲ್ಲಿರುವ ಕತಾರ್‌ಗಾಮ್ ಒಂದು ಕಾಲಕ್ಕೆ ಅವರೆಯ ಜಾತಿಗೆ ಸೇರಿದ ಪಾಪಡಿ ಕಾಯಿಗೆ ಹೆಸರಾದ ಹಳ್ಳಿಯಾಗಿತ್ತು. ಗುಜರಾತಿನ ಚಳಿಗಾಲದ ಖಾದ್ಯವಾದ ಉಂಧಿಯುವಿಗೆ ಈ ಊರಿನ ಪಾಪಡಿಯೇ ಬೇಕೆನ್ನುವವರು ಈಗಲೂ ಇದ್ದಾರೆ. ಆದರೆ ಅಲ್ಲಿ ಇಂದು ಕಾಣುವುದು ಹೊಲಗಳಿಗಿಂತ ಹೆಚ್ಚಾಗಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳು ಮತ್ತು ವಿದ್ಯುತ್ ಮಗ್ಗದ ಶೆಡ್ಡುಗಳು. ವಜ್ರದ ಕೆಲಸಕ್ಕೆ ಸೌರಾಷ್ಟ್ರದಿಂದಲೂ ಮಗ್ಗದ ಕೆಲಸಕ್ಕೆ ದೂರದ ಒಡಿಶಾದ ಗಂಜಾಂ ಜಿಲ್ಲೆಯಿಂದಲೂ ಜನರು ಬಂದು ನೆಲೆಸಿದ್ದಾರೆ. ಮಗ್ಗದ ಕಾರ್ಮಿಕನಿಗೆ ಸಾಮಾನ್ಯವಾಗಿ ನೇಯ್ದ ಮೀಟರಿನ ಲೆಕ್ಕದಲ್ಲಿ ಕೂಲಿ ಸಲ್ಲುತ್ತದೆ. ವಿದ್ಯುತ್ ಇಲ್ಲದ ಗಂಟೆಯೆಂದರೆ ಅವನಿಗೆ ಕೂಲಿಯಿಲ್ಲದ ಗಂಟೆ. ಇಂಧನ ಭದ್ರತೆ ಎಂಬ ದೊಡ್ಡ ಮಾತಿಗೆ ಈ ಬೀದಿಗಳಲ್ಲಿರುವ ಅರ್ಥ ಇದೇ.

ಕರ್ನಾಟಕದಂತೆ ಗುಜರಾತಿನಲ್ಲಿಯೂ ಕಪ್ಪು ಕಲ್ಲಿದ್ದಲ ಗಣಿಗಳಿಲ್ಲ. ರಾಯಚೂರು ಬಳಿಯ ಶಕ್ತಿನಗರದ ಸ್ಥಾವರಕ್ಕೆ ಸಿಂಗರೇಣಿ ಮುಂತಾದ ಹೊರರಾಜ್ಯದ ಗಣಿಗಳಿಂದ ಕಲ್ಲಿದ್ದಲು ಬರುವಂತೆ, ಸೂರತ್ತಿಗೆ ಪೂರ್ವದಲ್ಲಿರುವ ಉಕಾಯಿ ಸ್ಥಾವರವೂ ಮಧ್ಯಭಾರತದ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲನ್ನು ಅವಲಂಬಿಸಿದೆ. ಮಾರ್ಗ ಉದ್ದವಾದಷ್ಟೂ ಅಡಚಣೆಗಳು ಹೆಚ್ಚು. ನೆಲದಡಿಯಲ್ಲೇ ದೊರೆಯುವ ಇಂಧನಕ್ಕೆ ಬೆಲೆ ಬಂದುದು ಈ ಕಾರಣದಿಂದ. ಸೂರತ್ ಜಿಲ್ಲೆಯ ಮಾಂಗ್ರೋಲ್ ತಾಲ್ಲೂಕಿನ ವಸ್ತಾನ್ ಮತ್ತು ಅದರ ಆಸುಪಾಸಿನಲ್ಲಿ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು, ಇದೆ. ಇದನ್ನು ಬಳಸಿಕೊಂಡು ಗುಜರಾತ್ ಇಂಡಸ್ಟ್ರೀಸ್ ಪವರ್ ಕಂಪನಿಯು ಅಲ್ಲಿನ ನಾನಿ ನರೋಲಿ ಗ್ರಾಮದಲ್ಲಿ ತಲಾ 125 ಮೆಗಾವ್ಯಾಟಿನ ನಾಲ್ಕು ಘಟಕಗಳನ್ನು ಎರಡು ಹಂತಗಳಲ್ಲಿ ಸ್ಥಾಪಿಸಿತು.

ಸ್ಥಾವರವನ್ನು ಗಣಿಯ ಬಾಯಲ್ಲೇ ಕಟ್ಟಿದುದು ಆಕಸ್ಮಿಕವಲ್ಲ. ಲಿಗ್ನೈಟ್ ಇನ್ನೂ ಪೂರ್ತಿ ಪಕ್ವವಾಗದ ಕಲ್ಲಿದ್ದಲು. ಅದರ ತೂಕದಲ್ಲಿ ಸುಮಾರು ಮೂರರಲ್ಲೊಂದು ಭಾಗ ನೀರೇ ಇರುವುದುಂಟು. ದೂರಕ್ಕೆ ಸಾಗಿಸಿದರೆ ನೀರಿಗೂ ಬಾಡಿಗೆ ತೆತ್ತಂತೆ. ರಾಶಿ ಹಾಕಿ ಬಹಳ ದಿನ ಬಿಟ್ಟರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಇದರಲ್ಲಿ ಗಂಧಕ ಹೆಚ್ಚಾಗಿರುವುದರಿಂದ, ಬಿಸಿ ಮರಳಿನಂತಹ ಕಣಗಳ ನಡುವೆ ಇಂಧನವು ತೇಲುತ್ತ ಉರಿಯುವ ವಿಶೇಷ ಕುಲುಮೆಗಳನ್ನು ಅಳವಡಿಸಲಾಗಿದೆ. ಜೊತೆಗೆ ಸುಣ್ಣದ ಕಲ್ಲಿನ ಪುಡಿಯನ್ನೂ ಹಾಕಲಾಗುತ್ತದೆ. ಗಂಧಕವು ಹೊಗೆಯೊಡನೆ ಹೋಗದೆ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದಿರಲಾಗದು. ವಸ್ತಾನ್ ಗಣಿಯಲ್ಲಿ ಐದು ಕೋಟಿ ವರ್ಷಗಳಿಗೂ ಹಿಂದಿನ, ಅಂಬರ್ ಎನಿಸಿಕೊಳ್ಳುವ ಗಟ್ಟಿ ರಾಳ ದೊರೆತಿದ್ದು, ಅದರೊಳಗೆ ಸಿಕ್ಕಿಬಿದ್ದ ಕೀಟಗಳ ಅಧ್ಯಯನವನ್ನು ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಆ ರಾಳವನ್ನು ಒಸರಿದ ಮರಗಳು ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬಕ್ಕೆ ಸೇರಿದವು.

ಇನ್ನು ಉದ್ಯೋಗದ ಪ್ರಶ್ನೆ. ಕಲ್ಲಿದ್ದಲ ಗಣಿಯೆಂದೊಡನೆ ಸುರಂಗಕ್ಕಿಳಿಯುವ ಸಾವಿರಾರು ಕಾರ್ಮಿಕರ ಚಿತ್ರ ಕಣ್ಮುಂದೆ ಬರುತ್ತದೆ. ಮಾಂಗ್ರೋಲಿನದು ತೆರೆದ ಗಣಿ. ಮೇಲ್ಮಣ್ಣನ್ನು ದೈತ್ಯ ಯಂತ್ರಗಳು ತೆಗೆಯುತ್ತವೆ, ಡಂಪರುಗಳು ಸಾಗಿಸುತ್ತವೆ. ಯಂತ್ರ ನಡೆಸುವವರು, ದುರಸ್ತಿ ಮಾಡುವವರು, ಕಾವಲಿನವರು ಸಾಕು. ಭೂಮಿ ಮಾತ್ರ ಅಪಾರವಾಗಿ ಬೇಕು. ಮಾಂಗ್ರೋಲ್ ಸಂವಿಧಾನದ ಐದನೆಯ ಅನುಸೂಚಿಗೆ ಒಳಪಟ್ಟ ಆದಿವಾಸಿ ಪ್ರದೇಶ. ಅಲ್ಲಿನ ಸಣ್ಣ ರೈತನಿಗೆ ಪರಿಹಾರದ ಹಣ ಒಮ್ಮೆ ಬರುತ್ತದೆ. ಹೊಲವಾದರೆ ಪ್ರತಿ ಮಳೆಗಾಲವೂ ಫಲ ಕೊಡುತ್ತಿತ್ತು.

ಈ ಅಸಮತೆಯನ್ನು ತಗ್ಗಿಸಲು ಕಾನೂನಿನಲ್ಲಿ ಕೆಲವು ಅವಕಾಶಗಳಿವೆ. 2014ರ ಜನವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯು, ಯೋಜನೆಯಿಂದ ಉದ್ಯೋಗ ಸೃಷ್ಟಿಯಾಗುವಲ್ಲಿ ಬಾಧಿತ ಕುಟುಂಬದ ಒಬ್ಬರಿಗೆ ಕೆಲಸ, ಇಲ್ಲವೇ 5 ಲಕ್ಷ ರೂಪಾಯಿ, ಅದೂ ಇಲ್ಲವೇ 20 ವರ್ಷಗಳವರೆಗೆ ತಿಂಗಳಿಗೆ ಕನಿಷ್ಠ 2,000 ರೂಪಾಯಿಗಳ ವರ್ಷಾಶನದ ಆಯ್ಕೆಯನ್ನು ಒದಗಿಸಿದೆ. ಅನುಸೂಚಿತ ಪ್ರದೇಶದಲ್ಲಿ ಗ್ರಾಮಸಭೆಯ ಸಮ್ಮತಿ ಪಡೆಯಬೇಕೆಂದೂ ಅದು ವಿಧಿಸುತ್ತದೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಂತೆ ಸ್ಥಾಪಿತವಾದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ನಡೆಸುವವರು ರಾಜಧನದ ಜೊತೆಗೆ ವಂತಿಗೆ ಸಲ್ಲಿಸಬೇಕು. ಅದು ಬಾಧಿತ ಗ್ರಾಮಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಮೀಸಲು. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಸಿದ್ಧಪಡಿಸಿ, ಅದರ ವೆಚ್ಚಕ್ಕೆ ಪ್ರತ್ಯೇಕ ಖಾತೆಯಲ್ಲಿ ಹಣವಿಡಬೇಕೆಂದು ಕಲ್ಲಿದ್ದಲು ಮಂತ್ರಾಲಯವು 2009ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. ಆದರೆ ಹೊಂಡ ಮುಚ್ಚಿ ಗಿಡ ನೆಡುವುದು ಸುಲಭ, ಡಂಪರು ನಡೆಸುತ್ತಿದ್ದವನಿಗೆ ಬೇರೆ ಕಸುಬು ಕಲಿಸುವುದು ಕಷ್ಟ.

ಇದು ಕನ್ನಡ ಓದುಗರಿಗೆ ಅಪರಿಚಿತ ವಿಷಯವೇನಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಅಲ್ಲಿನ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯೇ ಊರಿನ ಆಧಾರವಾಗಿದ್ದುದರಿಂದ, ಕೆ.ಜಿ.ಎಫ್.ನ ಸಾವಿರಾರು ಜನರು ಇಂದಿಗೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ.

ಲಿಗ್ನೈಟ್ ಒಂದು ದಿನ ಮುಗಿಯುತ್ತದೆ. ಕತಾರ್‌ಗಾಮಿನ ಮಗ್ಗಗಳಿಗೆ ಅದರಿಂದ ಭಯಪಡುವ ಕಾರಣ ಕಡಿಮೆ. ಕಾಕ್ರಾಪಾರ್ ಪರಮಾಣು ಸ್ಥಾವರದ ತಲಾ 700 ಮೆಗಾವ್ಯಾಟಿನ ಎರಡು ಹೊಸ ಘಟಕಗಳು 2023 ಮತ್ತು 2024ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಾನಿ ನರೋಲಿಯ ಕಂಪನಿಯೇ ಕಛ್ ಜಿಲ್ಲೆಯ ಖಾವಡಾದಲ್ಲಿ ಸೌರ ವಿದ್ಯುತ್ತಿನ ಕೆಲಸವನ್ನು ಕೈಗೊಂಡಿದೆ. ಖಾವಡಾದ ವಿದ್ಯುತ್ತು ತಂತಿಯ ಮೂಲಕ ಸೂರತ್ತಿನವರೆಗೆ ಬರಬಲ್ಲದು. ಅಲ್ಲಿನ ಉದ್ಯೋಗ ಮಾಂಗ್ರೋಲಿನವರೆಗೆ ಬರಲಾರದು.